ಎರಡು ಸೀಳು, ಒಂದು ತೂತು

ವೆಸ್ಟ್‌ಮಿನ್‌ಸ್ಟರ್,
೧೬ ಜನವರಿ ೧೬೭೧

ಮಗಳು ಡ್ಯಾಮರಿಸ್‌ಗೆ,

ಈ ಕಾಗದವನ್ನು ಓದದೆ ಒಲೆಗೆ ಹಾಕಬೇಡ. ಓದಿದ ಕಾಗದ ಚೆನ್ನಾಗಿ ಉರಿಯುತ್ತದೆ, ಓದದ್ದು ಬರೀ ಹೊಗೆ. ಎರಡು ವರ್ಷದಲ್ಲಿ ನಿನಗೆ ಹನ್ನೊಂದು ಕಾಗದ ಬರೆದಿದ್ದೇನೆ. ಬಂದ ಉತ್ತರಗಳನ್ನು ಬೆರಳಿಲ್ಲದವನೂ ಬೆರಳೆಣಿಸಿ ಹೇಳಬಹುದು.

ಇವತ್ತು ತಮಾಷೆಗೆ ಬರೆಯುತ್ತಿಲ್ಲ. (ನಿನ್ನ ಹುಬ್ಬು ಮೇಲೇರಿದ್ದು ಇಲ್ಲಿಗೇ ಕಾಣಿಸಿತು.) ಬೆಳಿಗ್ಗೆ ಸರ್ ಎವರಾರ್ಡ್ ಬ್ರೇಸ್‌ಬಿ ಎಂಬ ದೊಡ್ಡ ಮನುಷ್ಯ ನಮ್ಮ ಸದನಕ್ಕೆ ಒಂದು ಮಸೂದೆ ತಂದ. ಮಸೂದೆಯಲ್ಲಿ ಮಸಿ ಸ್ವಲ್ಪ, ಮಸಲತ್ತು ಬಹಳ. ನಿಮ್ಮ ಸ್ಕಾರ್ಮೀರ್ ಜೌಗಿಗೆ ಅಡ್ಡಲಾಗಿ ಕಾಲುವೆ ತೋಡಿ, ನೀರನ್ನೆಲ್ಲ ಸಮುದ್ರಕ್ಕೆ ಹರಿಸಿ, ಒಣಗಿದ ನೆಲವನ್ನು ಅವನೂ ಅವನ ಗೆಳೆಯರೂ ಹಂಚಿಕೊಳ್ಳುವುದು. ಒಂದು ನಕ್ಷೆ ತಂದು ಮೇಜಿನ ಮೇಲೆ ಹಾಸಿದ. ನಾನು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದೆ. ಜೊಂಡಿಲ್ಲ, ದೋಣಿಯಿಲ್ಲ, ಹಾವುಮೀನಿನ ಬುಟ್ಟಿಯಿಲ್ಲ, ಹೆಬ್ಬಾತಿಲ್ಲ, ಒಂದು ಗುಡಿಸಲೂ ಇಲ್ಲ. ಬೆಳ್ಳಗೆ ಇತ್ತು, ತೊಳೆದಿಟ್ಟ ತಟ್ಟೆಯ ಹಾಗೆ. ನಾನು ಬಲ್ಲ ಒಂದಿಡೀ ಲೋಕ ಅಷ್ಟು ಸುಲಭವಾಗಿ ಅಳಿಸಿಹೋಗಿತ್ತು.

"ಸ್ಪೀಕರ್ ಮಹಾಶಯರೇ, ಹನ್ನೆರಡು ಸಾವಿರ ಎಕರೆ! ಕಪ್ಪೆ ಬಿಟ್ರೆ ಯಾರಿಗೂ ಉಪಯೋಗ ಇಲ್ಲ," ಅಂದ ಅವನು.

"ಅಲ್ಲಿ ಜನ ಇದ್ದಾರಲ್ಲ ಸ್ವಾಮೀ?" ಅಂತ ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಇದ್ದಾರೆ, ಇದ್ದಾರೆ. ಆದ್ರೆ ಅವರ ಕಾಲ್ಬೆರಳ ಮಧ್ಯೆ ಬಾತಿನ ಥರ ತೊಗಲು ಇದೆಯಂತೆ. ನಾನು ಹೇಳಿದ್ದಲ್ಲಪ್ಪ, ಹೋಲ್ಮ್‌ಸ್ಟೋ ಪಟ್ಟಣದ ಮಾನ್ಯ ಸದಸ್ಯರು ಇದೇ ಸದನದಲ್ಲಿ ಅಪ್ಪಣೆ ಕೊಡಿಸಿದ್ದು. ಈಜೋರಿಗೆ ನೆಲ ಯಾಕೆ?"

ಸದನ ನಕ್ಕಿತು. ನನ್ನ ಕಡೆ ತಿರುಗಿ, ಟೋಪಿ ಎತ್ತಿ, ಮರ್ಯಾದೆಯಾಗಿ ನಕ್ಕಿತು. ಹೋಲ್ಮ್‌ಸ್ಟೋ ಸದಸ್ಯ ನಾನು, ಮಾತೂ ನನ್ನದೇ. ಎರಡು ವರ್ಷದ ಹಿಂದೆ ಸುಮ್ಮನೆ ಮೇಲಕ್ಕೆ ಬಿಟ್ಟ ಬಾಣ ಇಷ್ಟು ದಿನ ಆಕಾಶದಲ್ಲೇ ಇದ್ದು, ಈಗ ನಿನ್ನ ಮನೆಯ ಮೇಲೆ ಇಳಿಯುತ್ತಿದೆ.

ದಾರಿ ಒಂದೇ. ಜೌಗಿನವರು ಸದನಕ್ಕೆ ಅರ್ಜಿ ಹಾಕಬೇಕು. ಸದನ ಅದನ್ನು ಸ್ವೀಕರಿಸಿದರೆ ಗುಮಾಸ್ತ ಎದ್ದುನಿಂತು ಒಂದಕ್ಷರ ಬಿಡದೆ, ಹೆಸರುಗಳ ಸಮೇತ ಓದಬೇಕು. ಆಮೇಲೆ ನಿಮ್ಮ ಮಾತು ಕೇಳದೆ ಮಸೂದೆ ಒಂದು ಹೆಜ್ಜೆ ಮುಂದಿಡುವಂತಿಲ್ಲ. ಸ್ವೀಕರಿಸದಿದ್ದರೆ ಬೇಸಿಗೆಯ ಹೊತ್ತಿಗೆ ಸ್ಕಾರ್ಮೀರ್‌ನಲ್ಲಿ ಗುದ್ದಲಿ ಬೀಳುತ್ತದೆ. ಅರ್ಜಿ ಬರೆದು ಕಳಿಸು, ಬೇಗ. ಜೌಗಿನವರು ಜಗ್ಗೋದಿಲ್ಲ ಅಂತ ಇವರಿಗೂ ಗೊತ್ತಾಗಲಿ.

ನಿನ್ನ ತಂದೆ,
ಆಂಬ್ರೋಸ್ ಥರ್ಕೆಲ್

*

ಸ್ಕಾರ್ಮೀರ್,
೩೦ ಜನವರಿ

ಅಪ್ಪ,

ಹನ್ನೊಂದು ಕಾಗದವೂ ಬಂದಿವೆ. ಹನ್ನೊಂದನ್ನೂ ಓದಿದ್ದೇನೆ. ಹನ್ನೊಂದರಲ್ಲಿ ಒಟ್ಟು ಎಪ್ಪತ್ತು ಎಂಬತ್ತು ತಮಾಷೆಗಳಿದ್ದವು, 'ತಪ್ಪಾಯಿತು' ಅನ್ನುವ ಪದ ಒಂದು ಸಲವೂ ಇರಲಿಲ್ಲ. ಅದಕ್ಕೇ ಉತ್ತರ ಬರೆಯಲಿಲ್ಲ.

ನಿಮ್ಮ ಮಾತು ಲಂಡನ್ನಿನಿಂದ ಇಲ್ಲಿಗೆ ನಡೆದುಕೊಂಡು ಬಂತು, ನಿಮಗಿಂತ ಮುಂಚೆ. ನನ್ನ ಗಂಡ ಜೇಬೆಜ್ ಹೋಲ್ಮ್‌ಸ್ಟೋ ಸಂತೆಗೆ ಮೀನು ಒಯ್ದರೆ, "ಏ ಪೆಲ್, ಬೂಟು ಬಿಚ್ಚೋ, ಬೆರಳು ತೋರ್ಸೋ!" ಅಂತ ಕೂಗುತ್ತಾರೆ. ಒಂದು ದಿನ ಅವರು ಸಂತೆ ನಡುವೆ ಕೂತು ಎರಡೂ ಬೂಟು ಬಿಚ್ಚಿ ತೋರಿಸಿದರು. "ನೋಡ್ರಪ್ಪಾ, ಹತ್ತು ಬೆರಳು, ಮಧ್ಯೆ ಕೆಸರು. ಇನ್ನು ಮೀನು ತಗೊಳ್ತೀರಾ?" ಅಂದರು. ಮನೆಗೆ ಬಂದು ಊಟ ಮಾಡಲಿಲ್ಲ.

ಬೇರೆ ಯಾರಾದರೂ ಆ ಮಾತು ಆಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಿಮ್ಮ ತಾಯಿ ಇಲ್ಲಿ ಹೆಬ್ಬಾತು ಕಾದವಳು. ನೀವು ಅವಳ ಜೊಂಡಿನ ಗುಡಿಸಲಲ್ಲಿ ಹುಟ್ಟಿದವರು. ಓದಿ, ವಕೀಲರಾಗಿ, ಪಟ್ಟಣದವರ ಮತ ಪಡೆದು ಆ ದೊಡ್ಡ ಕೋಣೆಯಲ್ಲಿ ಕೂತಿರಿ. ಅಲ್ಲಿ ಇದು ಯಾರಿಗೂ ಗೊತ್ತಿಲ್ಲ, ಅಲ್ಲವಾ? ಗೊತ್ತಾಗದಿರಲಿ ಅಂತಲೇ ಆ ತಮಾಷೆ ಮಾಡಿದಿರಿ ಅಂತ ನಾನು ಅಂದುಕೊಂಡಿದ್ದೇನೆ. ತಪ್ಪಿದ್ದರೆ ಹೇಳಿ.

ಅರ್ಜಿ ಈ ಕಾಗದದ ಜೊತೆಯಲ್ಲಿದೆ. ಬರೆದವಳು ನಾನು. ನಮ್ಮವರಿಗೆ ಸಹಿ ಬರದು, ಗುರುತು ಬರುತ್ತದೆ. ಮರಿ ಹೆಬ್ಬಾತಿನ ಕಾಲಿನ ತೊಗಲಿಗೆ ಒಂದೊಂದು ಮನೆಯವರು ಒಂದೊಂದು ರೀತಿ ಕತ್ತರಿ ಹಾಕುತ್ತಾರಲ್ಲ, ಒಂದು ಸೀಳು, ಎರಡು ಸೀಳು, ಅಂಚಲ್ಲಿ ಕಚ್ಚು, ಅದನ್ನೇ ಇಲ್ಲಿ ಬರೆದಿದ್ದಾರೆ. ಮುದುಕಿ ಗ್ರಿಜೆಲ್ ಓಕ್‌ಗೆ ಕೈ ನಡುಗುತ್ತದೆ. ಮೂರು ಸಲ ಅಳಿಸಿ ಬರೆದಳು. "ಇದನ್ನ ರಾಜನ ಮನೇಲಿ ಓದ್ತಾರೇನೇ? ನನ್ನ ಹೆಸರು ಅಲ್ಲಿ ಕೇಳ್ಸುತ್ತಾ?" ಅಂತ ಕೇಳಿದಳು. ಅವಳಿಗೆ ಕಿವಿ ಕೇಳಿಸದು, ನಿಮಗೆ ನೆನಪಿರಬೇಕು. ನಾನು ಜೋರಾಗಿ, "ಕೇಳ್ಸುತ್ತೆ ಅಜ್ಜಿ," ಅಂದುಬಿಟ್ಟೆ.

ಆ ಮಾತು ಉಳಿಸಿ. ನನ್ನದು ಒಂದೇ ಬೇಡಿಕೆ: ಅವರನ್ನು ನಗಿಸಬೇಡಿ, ನಮ್ಮನ್ನು ಎಣಿಸಿ.

ಡ್ಯಾಮರಿಸ್ ಪೆಲ್

*

ವೆಸ್ಟ್‌ಮಿನ್‌ಸ್ಟರ್,
೧೧ ಫೆಬ್ರವರಿ

ಮಗಳೇ,

ಅರ್ಜಿ ಬಂತು. ನನ್ನ ಬಾಡಿಗೆ ಕೋಣೆಯ ಮೇಜು ಚಿಕ್ಕದು, ಹಾಗಾಗಿ ಹಾಸಿಗೆಯ ಮೇಲೆ ಹರಡಿದೆ. ನಾನು ಕೂರಲು ಜಾಗವಿಲ್ಲ, ನಿಂತೇ ಇದ್ದೆ. ಎಷ್ಟು ಹೊತ್ತು ನಿಂತಿದ್ದೆನೋ, ಮನೆಯೊಡತಿ ಊಟಕ್ಕೆ ಕರೆಯಲು ಬಂದವಳು, "ಯಾರಾದ್ರೂ ತೀರ್ಕೊಂಡ್ರಾ ಸ್ವಾಮಿ?" ಅಂತ ಕೇಳಿದಳು. "ಇಲ್ಲಮ್ಮ, ಎಲ್ಲಾ ಬದುಕಿ ಎದ್ದು ಬಂದಿದ್ದಾರೆ," ಅಂದೆ.

ನಿಜಕ್ಕೂ ಹಾಗೇ ಅನಿಸಿತು. ಓಕ್ ಮನೆಯವರ ಅಡ್ಡಗೀಟು. ಪೆಲ್ ಮನೆಯವರ ಎರಡು ಕಚ್ಚು. ಆರು ವರ್ಷದ ಹುಡುಗನಾಗಿದ್ದಾಗ ಕೆಸರಿನಲ್ಲಿ ಹೆಜ್ಜೆಗುರುತು ನೋಡಿಯೇ ಇದು ಯಾರ ಮನೆಯ ಹಕ್ಕಿ ಅಂತ ಹೇಳುತ್ತಿದ್ದೆ. ಅರವತ್ತಮೂರು ವರ್ಷದ ಮೇಲೆ ಅದೇ ಹೆಜ್ಜೆಗಳು ನನ್ನ ಹಾಸಿಗೆಯ ಮೇಲೆ ಸಾಲಾಗಿ ನಡೆದು ಬಂದಿವೆ. ಎಲ್ಲಿಗೆ ಹೊರಟಿವೆ ಅಂತ ನೋಡಿದರೆ, ನೂರಾರು ಟೋಪಿಗಳ ನಡುವೆ, ಬೆಳ್ಳಿಯ ರಾಜದಂಡ ಇಟ್ಟ ಮೇಜಿನ ಮೇಲಕ್ಕೆ! ಬೇರೆಯವರು ಹೆಬ್ಬೆಟ್ಟು ಒತ್ತುತ್ತಾರೆ, ನಮ್ಮವರು ಹೆಬ್ಬಾತು ಒತ್ತಿದ್ದಾರೆ.

'ನಮ್ಮವರು' ಅಂತ ಬರೆದದ್ದನ್ನು ನೋಡಿದೆ. ಹೊಡೆದುಹಾಕುವುದಿಲ್ಲ, ಇರಲಿ.

ಒಂದು ಸಣ್ಣ ತೊಡಕು. ಹೆಸರು ನಲವತ್ತಮೂರು, ಗುರುತು ನಲವತ್ತನಾಲ್ಕು. ಕಟ್ಟಕಡೆಯದಕ್ಕೆ, ಎಡಗಾಲಿಗೆ ಎರಡು ಸೀಳು, ಬಲಗಾಲಿಗೆ ಒಂದು ತೂತು ಇರುವುದಕ್ಕೆ, ಹೆಸರು ಬರೆಯುವುದನ್ನು ಮರೆತಿದ್ದೀಯ. ಹೆಸರು ತಿಳಿಸು. ಇಲ್ಲೇ ತುಂಬುತ್ತೇನೆ.

ಇನ್ನು ನಮ್ಮ ಸದನ ಎಣಿಸುವ ಬಗೆ ಹೇಳುತ್ತೇನೆ, ಕೇಳು. 'ಹೌದು' 'ಇಲ್ಲ' ಅನ್ನುವ ಕೂಗಿನಲ್ಲಿ ಯಾವುದು ಜೋರು ಅಂತ ತಿಳಿಯದಿದ್ದರೆ ಸದನ ಎರಡಾಗುತ್ತದೆ. ಹೊಸದೇನಾದರೂ ಬೇಕು ಅನ್ನುವವರು ಎದ್ದು ಬಾಗಿಲಾಚೆ ಹೊರಕೋಣೆಗೆ ಹೋಗಬೇಕು. ಇದ್ದದ್ದು ಇದ್ದಂತೆ ಇರಲಿ ಅನ್ನುವವರು ಕೂತೇ ಇರಬೇಕು. ಆಮೇಲೆ ಎಣಿಸುವವರು ಬಿಳಿಯ ಕೋಲು ಹಿಡಿದು ಒಳಗಿನವರನ್ನೂ, ಬಾಗಿಲಲ್ಲಿ ಒಬ್ಬೊಬ್ಬರಾಗಿ ಮರಳಿ ಬರುವವರನ್ನೂ ಎಣಿಸುತ್ತಾರೆ. ಇದರಲ್ಲಿ ಒಂದು ಮಜಾ ಇದೆ. ಎದ್ದುಹೋದರೆ ಒಳ್ಳೆಯ ಜಾಗ ಹೋಗುತ್ತದೆ! ಹಿಂದೆ ಬಂದಾಗ ಇನ್ನೊಬ್ಬ ಕೂತಿರುತ್ತಾನೆ. ನನ್ನ ಪಕ್ಕದ ವೇಲ್ಸ್ ಮನುಷ್ಯ ರೈಸ್ ಪ್ರಾಸರ್ ಇದ್ದಾನಲ್ಲ, ಹನ್ನೊಂದು ವರ್ಷದಿಂದ ಎದ್ದಿಲ್ಲ. ಅವನ ಮತವೆಲ್ಲ ಅವನ ಕುಂಡೆಯದು, ತಲೆಯದಲ್ಲ. ಆಸನದ ಮೇಲೆ ಅಷ್ಟು ಆಸೆ.

ಜೌಗು ಒಣಗಿಸುವುದು ಹೊಸದು. ಅದು ಬೇಕು ಅನ್ನುವವರು ಏಳಬೇಕು. ಅವತ್ತು ಯಾರೂ ಏಳದ ಹಾಗೆ ಮಾಡಿದರೆ ಮಸೂದೆ ಕೂತಲ್ಲೇ ಸತ್ತಂತೆ. ನಿಮ್ಮ ಅರ್ಜಿಯ ಸ್ವೀಕಾರವೇನೋ ಎಲ್ಲರೂ ತಲೆಯಾಡಿಸುವುದರಲ್ಲಿ ಮುಗಿದುಹೋಗುವ ಕೆಲಸ. ಅದಕ್ಕೆ ಯಾರೂ ಎದ್ದುಹೋಗಬೇಕಿಲ್ಲ. ಹಾಗಾಗಿ ನನಗೊಂದು ಉಪಾಯ ಹೊಳೆದಿದೆ. ಹೇಳುವುದಿಲ್ಲ, ಬೈಯುತ್ತೀಯ.

ನಿನ್ನ ತಂದೆ,
ಆಂಬ್ರೋಸ್

*

ಸ್ಕಾರ್ಮೀರ್,
೨೦ ಫೆಬ್ರವರಿ

ಅಪ್ಪ,

ಮರೆತವಳು ನಾನಲ್ಲ.

ಉಪಾಯ ಬೇಡ.

ಡ್ಯಾಮರಿಸ್

*

ಸದನದ ಸಾರ್ಜೆಂಟರ ಮನೆಯ ಮಹಡಿ,
ವೆಸ್ಟ್‌ಮಿನ್‌ಸ್ಟರ್,
೨೮ ಫೆಬ್ರವರಿ

ಮಗಳೇ,

ಮೇಲಿನ ವಿಳಾಸ ನೋಡಿ ಹೆದರಬೇಡ. ಬಂಧನದಲ್ಲಿದ್ದೇನೆ, ಆದರೆ ಸೌಖ್ಯ. ಸಾರ್ಜೆಂಟರ ಹೆಂಡತಿ ಕುರಿಮಾಂಸದ ಕಡುಬು ಚೆನ್ನಾಗಿ ಮಾಡುತ್ತಾಳೆ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ, ಏನೂ ಮುಚ್ಚಿಡದೆ.

ಮಸೂದೆಯ ಕರಡು ನಿನ್ನೆ ಚರ್ಚೆಗೆ ಬರುವುದಿತ್ತು. ಮೊನ್ನೆ ನಾನು ಕಾಫಿ ಅಂಗಡಿಯಲ್ಲಿ ಕೂತು, ಪಕ್ಕದವನ ಕಿವಿಯಲ್ಲಿ, "ಯಾರಿಗೂ ಹೇಳ್ಬೇಡಿ, ನಾಳೆ ಸದನಕ್ಕೆ ಕರಡಿ ಬರುತ್ತೆ," ಅಂದೆ. ಕರಡಿನ ಕೊಂಬು ತೆಗೆದು ಗುಡಿಸು ಕೊಟ್ಟೆ, ಅಷ್ಟೇ! ಹಿಮದ ನಾಡು ಮಸ್ಕೋವಿಯ ರಾಯಭಾರಿ ದೊರೆಗೆಂದು ಒಂದು ಬಿಳಿ ಕರಡಿ ತಂದಿದ್ದಾನೆ, ಜೌಗಿನ ವಿಷಯ ಮುಗಿದ ಮರುಗಳಿಗೆಗೆ ಅದನ್ನು ಸದನದ ಕಟಕಟೆಗೆ ತರುತ್ತಾರೆ, ಅಂತ. ಯಾರಿಗೂ ಹೇಳಬೇಡಿ ಅಂದರೆ ಸಾಕು, ಸುದ್ದಿಗೆ ನಾಲ್ಕು ಕಾಲು ಬರುತ್ತದೆ. ಕರಡಿಗೂ ಅಷ್ಟೇ ಕಾಲು.

ನಿನ್ನೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಬೆಂಚೆಲ್ಲ ಭರ್ತಿ. ಕಾಯಿಲೆ ಅಂತ ಊರಲ್ಲಿ ಮಲಗಿದ್ದವರೂ ಎದ್ದು ಬಂದಿದ್ದರು.

"ಪೂರ್ತಿ ಬಿಳೀನಾ ಥರ್ಕೆಲ್?" ಅಂತ ಪ್ರಾಸರ್ ಕೇಳಿದ.

"ಮೂಗು ಬಿಟ್ಟು."

"ಕಚ್ಚುತ್ತಾ?"

"ಮಂತ್ರಿಗಳನ್ನ ಮಾತ್ರ."

"ಒಳ್ಳೇ ಜಾತಿ ಕರಡಿ ಬಿಡು," ಅಂತ ಇನ್ನಷ್ಟು ಅಗಲವಾಗಿ ಕೂತ. ಇವತ್ತು ಬಾಗಿಲಿಗೆ ಬೆಂಕಿ ಬಿದ್ದರೂ ಒಬ್ಬನೂ ಏಳುವುದಿಲ್ಲ ಅಂತ ನಾನು ಒಳಗೊಳಗೇ ಕುಣಿದೆ. ಆಗ ಬಾಗಿಲು ಕಾಯುವವನು ನಿನ್ನ ಕಾಗದ ತಂದುಕೊಟ್ಟ. ಎರಡು ಸಾಲು. ಮಡಿಸಿ ಜೇಬಿಗೆ ಹಾಕಿಕೊಂಡೆ. ಜೇಬು ಭಾರವಾಯಿತು.

ಸ್ಪೀಕರ್ ಮೊದಲು ಅರ್ಜಿಯನ್ನೇ ಎತ್ತಿಕೊಂಡರು. "ಸ್ಕಾರ್ಮೀರ್ ನಿವಾಸಿಗಳ ಅರ್ಜಿ ಬಂದಿದೆ. ಸ್ವೀಕರಿಸೋಣವೇ?" ತಲೆಗಳು ಆಡಬೇಕು ಅನ್ನುವಷ್ಟರಲ್ಲಿ ಸರ್ ಎವರಾರ್ಡ್ ಟೋಪಿ ತೆಗೆದು ಎದ್ದ.

"ಸ್ಪೀಕರ್ ಮಹಾಶಯರೇ, ಇದನ್ನ ಜನ ಬರೆದಿದ್ದಾರೋ ಹೆಬ್ಬಾತುಗಳು ಬರೆದಿದ್ದಾವೋ ನನಗಂತೂ ಗೊತ್ತಾಗ್ತಿಲ್ಲ. ಹೆಸರು ನಲವತ್ತಮೂರು, ಕಾಲು ನಲವತ್ತನಾಲ್ಕು! ಒಂದು ಹಕ್ಕಿಗೆ ಒಡೆಯನೇ ಇಲ್ಲ. ಇಂಥ ಸುಳ್ಳು ಅರ್ಜೀನ ಸ್ವೀಕರಿಸಬಾರದು."

ನಗುವೋ ನಗು. ಹಿಂದಿನ ಸಾಲಿನಲ್ಲಿ ಒಬ್ಬ ಬಾತಿನ ಹಾಗೆ ಕೂಗಿದ. ಆಗ ನನಗೆ ಹೊಳೆಯಿತು, ಮಗಳೇ, ನಾನು ಎಂಥ ಗುಂಡಿ ತೋಡಿದ್ದೇನೆ ಅಂತ. ತಲೆಯಾಡಿಸಿ ಮುಗಿಯಬೇಕಾದ್ದು ಈಗ ಎಣಿಕೆಗೆ ಬಂತು. ಅರ್ಜಿ ಸ್ವೀಕರಿಸುವುದೂ ಹೊಸದೇ ಅಲ್ಲವಾ? ಅದು ಬೇಕು ಅನ್ನುವವರು ಎದ್ದು ಹೊರಗೆ ಹೋಗಬೇಕು. ಇಡೀ ಸದನವನ್ನು ಬೆಂಚಿಗೆ ಅಂಟಿಸಿ ಕೂರಿಸಿದವನು ನಾನು. ಎಲ್ಲಕ್ಕಿಂತ ಮೊದಲು, ಅರ್ಜಿಯಲ್ಲಿ ಖಾಲಿ ಜಾಗ ಬಿಟ್ಟವನೂ ನಾನೇ. ಆ ಹೆಸರು ನನಗೆ ಮೊದಲ ದಿನವೇ ಗೊತ್ತಿತ್ತು. ನಿನಗೆ ಗೊತ್ತಿದೆ ಅಂತಲೂ ಗೊತ್ತಿತ್ತು. ನೀನೇ ಬರೆದುಕೊಡಲಿ, ನನ್ನ ಕೈ ಮಸಿಯಾಗದಿರಲಿ ಅಂತ ಕೇಳಿದೆ.

ಸ್ಪೀಕರ್ ಸುತ್ತ ನೋಡಿದರು. "ಈ ಕೊನೆಯ ಗುರುತು ಯಾರದು ಅಂತ ಬಲ್ಲವರು ಇಲ್ಲಿ ಯಾರಾದ್ರೂ ಇದ್ದಾರೆಯೇ?"

ನಾನು ಎದ್ದೆ. ಎದ್ದದ್ದು ಮೊಣಕಾಲೋ ಮನಸ್ಸೋ ತಿಳಿಯದು. ಥರ್ಕೆಲ್ ಎದ್ದ ಅಂದರೆ ಏನೋ ಮಜಾ ಇದೆ ಅಂತ ಆಗಲೇ ಅರ್ಧ ಸದನ ನಗಲು ಬಾಯಿ ತೆರೆದಿತ್ತು. ಇಪ್ಪತ್ತು ವರ್ಷ ನಾನೇ ಕಲಿಸಿದ ಪಾಠ.

"ಸ್ಪೀಕರ್ ಮಹಾಶಯರೇ, ಎಡಗಾಲಿಗೆ ಎರಡು ಸೀಳು, ಬಲಗಾಲಿಗೆ ಒಂದು ತೂತು. ಅದು ಥಾಮಸಿನ್ ಥರ್ಕೆಲ್ ಅನ್ನೋಳ ಗುರುತು. ಸ್ಕಾರ್ಮೀರ್‌ನಲ್ಲಿ ಹೆಬ್ಬಾತು ಕಾಯ್ತಿದ್ದಳು. ನನ್ನ ತಾಯಿ. ಆಕೆ ಈಗಿಲ್ಲ. ಗುರುತು ನನಗೆ ಬಂದಿದೆ. ಆ ಹಕ್ಕಿಗೆ ಒಡೆಯ ಇದ್ದಾನೆ, ನಾನೇ."

ತೆರೆದ ಬಾಯಿಗಳು ತೆರೆದೇ ಇದ್ದವು. ನಗು ಮಾತ್ರ ಬರಲಿಲ್ಲ. ಆ ಕೋಣೆ ಹಿಂದೆ ಪ್ರಾರ್ಥನಾ ಮಂದಿರವಾಗಿತ್ತು ಅಂತ ಗೋಡೆಗಳಿಗೆ ತಟ್ಟನೆ ನೆನಪಾದ ಹಾಗಿತ್ತು.

"ಎರಡು ವರ್ಷದ ಹಿಂದೆ ಇಲ್ಲೇ ನಿಂತು, ಜೌಗಿನವರ ಕಾಲ್ಬೆರಳ ಮಧ್ಯೆ ತೊಗಲಿದೆ ಅಂದೆ. ತೊಗಲು ಇದ್ದದ್ದು ನನ್ನ ನಾಲಿಗೆ ಮೇಲೆ, ದಪ್ಪ ತೊಗಲು. ತಪ್ಪಾಯ್ತು." ಈ ಪದ ಬಾಯಿಂದ ಹೊರಗೆ ಬರಲು ಅರವತ್ತೊಂಬತ್ತು ವರ್ಷ ಬೇಕಾಯಿತು. "ಗುಮಾಸ್ತರೇ, ನಿಮ್ಮ ಕೈಲಿರೋ ಲೇಖನಿ ಸ್ವಲ್ಪ ಎತ್ತಿ ಹಿಡೀತೀರಾ?"

ಆತ ಗಾಬರಿಯಾಗಿ ಎತ್ತಿ ಹಿಡಿದ. ಬೆಳ್ಳನೆಯ ಗರಿ, ತುದಿಯಲ್ಲಿ ಮಸಿ.

"ಹೆಬ್ಬಾತಿನ ಗರಿ. ಇಲ್ಲಿಗೆ ಬರೋ ಗರಿಯಲ್ಲಿ ಹೆಚ್ಚಿನದು ನಮ್ಮ ಕಡೆ ಜೌಗಿನದು. ಈ ಮೇಜಿನ ಮೇಲೆ ಬರೆದ ಒಂದೊಂದು ಕಾನೂನನ್ನೂ ಬರೆದದ್ದು ಆ ಹಕ್ಕಿ. ದೊರೆಗೆ ಬರೀತು, ಪ್ರಭುಗಳಿಗೆ ಬರೀತು, ಸರ್ ಎವರಾರ್ಡ್ ಅವರ ಮಸೂದೇನೂ ಅದೇ ಬರೀತು. ಇಷ್ಟು ಕಾಲ ಕೂಲಿ ಕೇಳದೆ ನಮಗಾಗಿ ಬರೀತು. ಇವತ್ತು ಒಂದೇ ಒಂದು ಹಾಳೆ ತನಗಾಗಿ ಬರೆದಿದೆ. ಅದನ್ನ ಓದೋಕೂ ಆಗಲ್ವಾ ನಮಗೆ?"

ಗುಮಾಸ್ತ ಗರಿಯನ್ನು ಕೆಳಗಿಡಲಿಲ್ಲ. ಅದನ್ನೇ ನೋಡುತ್ತಾ ನಿಂತಿದ್ದ, ಇದುವರೆಗೆ ಕೈಯಲ್ಲಿ ಏನು ಹಿಡಿದಿದ್ದೆ ಅಂತ ಈಗ ಗೊತ್ತಾದವನ ಹಾಗೆ.

ಅಲ್ಲಿಗೆ ಕೂರಬಹುದಿತ್ತು. ಆದರೆ ನಿನ್ನ ಎರಡನೇ ಸಾಲು ಜೇಬಿನಲ್ಲಿ ಚುಚ್ಚುತ್ತಿತ್ತು. "ಇನ್ನೊಂದು ಮಾತು. ಕರಡಿ ಇಲ್ಲ."

"ಏನು?" ಅಂದರು ಸ್ಪೀಕರ್.

"ಬಿಳಿ ಕರಡಿ, ಮಹಾಶಯರೇ. ಮಸೂದೆಗೆ ಯಾರೂ ಏಳದಿರಲಿ ಅಂತ ನಾನು ಹುಟ್ಟಿಸಿದ ಸುಳ್ಳು. ಈಗ ಏಳಬೇಕಾದೋರು ಅದರಿಂದ ಕೂತುಬಿಡಬಾರದು, ಅದಕ್ಕೆ ಹೇಳ್ತಿದ್ದೀನಿ."

ಆಮೇಲೆ ಎದ್ದ ಗದ್ದಲ ನಿಮ್ಮ ಜೌಗಿನವರೆಗೆ ಕೇಳಿಸಿರಬೇಕು. ತಾಯಿಯ ವಿಷಯಕ್ಕೆ ಸುಮ್ಮನಿದ್ದವರು ಕರಡಿಯ ವಿಷಯಕ್ಕೆ ಕೆರಳಿದರು. "ಮಂಡಿಯೂರಿಸಿ! ಟವರ್ ಸೆರೆಮನೆಗೆ ಹಾಕಿ!" ಪ್ರಾಸರ್ ನನ್ನ ಮುಖ ನೋಡಲಿಲ್ಲ. ಸ್ಪೀಕರ್ ಮೂರು ಸಲ ಕೂಗಿ ಸುಮ್ಮನಾಗಿಸಿ, "ಅದನ್ನ ಆಮೇಲೆ ನೋಡೋಣ. ಅರ್ಜಿ ಸ್ವೀಕರಿಸಬೇಕು ಅನ್ನೋರು ಹೊರಗೆ ಹೋಗಿ," ಅಂದರು.

ನಾನು ಕೋಲು ಊರಿಕೊಂಡು ಹೊರಟೆ. ಬೆಂಚುಗಳ ನಡುವಿನ ಆ ದಾರಿ ಎಷ್ಟು ಉದ್ದ ಅಂತ ಆಗಲೇ ಗೊತ್ತಾದದ್ದು. ಹಿಂದೆ ತಿರುಗಿ ನೋಡಲಿಲ್ಲ. ಒಂದೇ ಕೋಲಿನ ಸದ್ದು, ನನ್ನದು. ಬಾಗಿಲು ದಾಟಿದೆ. ಹೊರಕೋಣೆಯಲ್ಲಿ ಕಿತ್ತಳೆ ಮಾರುವ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಏನ್ ಸ್ವಾಮಿ, ಒಬ್ರೇ ಬಂದ್ರಿ? ಕರಡಿ ಬಂತಾ?"

"ಇಲ್ಲಮ್ಮ. ಹೆಬ್ಬಾತು ಬಂತು," ಅಂದೆ.

ಆಗ ಹಿಂದೆ ಭಾರವಾದ ಹೆಜ್ಜೆ. ಹನ್ನೊಂದು ವರ್ಷ ನಡೆಯದ ಮನುಷ್ಯನ ಹೆಜ್ಜೆ. ರೈಸ್ ಪ್ರಾಸರ್! ಏದುಸಿರು ಬಿಡುತ್ತಾ ಬಂದು ಗೋಡೆಗೆ ಒರಗಿ, "ಕರಡಿ ಇಲ್ಲ ಅಂದ್ಮೇಲೆ ಅಲ್ಲಿ ಕೂತು ಏನ್ ಮಾಡ್ಲಿ," ಅಂದ. ಆಮೇಲೆ ಬೇರೆ ಕಡೆ ನೋಡುತ್ತಾ, "ನಮ್ಮವ್ವ ಕುರಿ ಕಾಯ್ತಿದ್ಲು," ಅಂದ.

ಅವನ ಹಿಂದೆ ಇನ್ನೊಬ್ಬ. ಮತ್ತೆ ಮೂವರು. ಆಮೇಲೆ ಬಾಗಿಲಲ್ಲಿ ನೂಕಾಟ. ನಾನು ಹೆಸರೇ ತಿಳಿಯದವರು, ನನ್ನ ತಮಾಷೆಗೆ ಎಂದೂ ನಗದವರು, ಎಂದೋ ನಾನು ಗೇಲಿ ಮಾಡಿದವರು. ಕಿತ್ತಳೆಯವಳು ಬುಟ್ಟಿಯನ್ನು ಮಡಿಲಿಗೆ ಎತ್ತಿಕೊಂಡು ಜಾಗ ಮಾಡಿಕೊಟ್ಟಳು. ಒಳ್ಳೆಯ ಜಾಗ ಬಿಟ್ಟು ಏಳುವುದು ಎಷ್ಟು ಸಣ್ಣ ಕೆಲಸ, ಎಷ್ಟು ದೊಡ್ಡ ಕೆಲಸ ಅಂತ ನಾನು ಗೋಡೆಗೆ ಆತುಕೊಂಡು ನೋಡುತ್ತಾ ನಿಂತೆ.

ಮರಳಿ ಒಳಗೆ ಹೋಗುವಾಗ ಎಲ್ಲರೂ ನನ್ನನ್ನೇ ಮುಂದೆ ಬಿಟ್ಟರು. ಬಾಗಿಲಲ್ಲಿ ಎಣಿಸುವವನು ಬಿಳಿಯ ಕೋಲನ್ನು ನನ್ನ ಎದೆಯ ಕಡೆ ಚಾಚಿ, "ಒಂದು," ಅಂದ.

ಅಷ್ಟೇ. ಒಂದು. ನನ್ನನ್ನು ಜಾಣ ಅಂದಿದ್ದಾರೆ, ವಿದೂಷಕ ಅಂದಿದ್ದಾರೆ, ಹಳೇ ನರಿ ಅಂದಿದ್ದಾರೆ. ಯಾವತ್ತೂ ಒಂದು ಅಂದಿರಲಿಲ್ಲ. ಪ್ರಾಸರ್ ಎರಡು. ಎಲ್ಲರೂ ಒಳಗೆ ಬಂದ ಮೇಲೆ ಹೊರಗೆ ಹೋಗಿದ್ದವರು ಎಂಬತ್ತಮೂರು, ಕೂತಿದ್ದವರು ಎಂಬತ್ತೊಂದು.

ಗುಮಾಸ್ತ ಎ‌ದ್ದು ಓದಿದ. ಅವನ ದನಿ ಒಣಕಲು, ಕಾನೂನು ಓದಿ ಓದಿ ಸವೆದದ್ದು. ಆ ದನಿಯಲ್ಲಿ, "ಸ್ಕಾರ್ಮೀರ್‌ನ ಜೇಬೆಜ್ ಪೆಲ್, ತನ್ನ ಗುರುತು. ಸ್ಕಾರ್ಮೀರ್‌ನ ಗ್ರಿಜೆಲ್ ಓಕ್, ತನ್ನ ಗುರುತು," ಅಂತ ಒಂದೊಂದೇ ಹೆಸರು ಆ ಎತ್ತರದ ಚಾವಣಿಗೆ ತಾಗಿ ನಿಂತು ನಿಂತು ಇಳಿಯಿತು. ಪ್ರಭುಗಳ, ದಂಡನಾಯಕರ ಹೆಸರು ಕೇಳಿದ್ದ ಗೋಡೆಗಳು, ಹಾವುಮೀನು ಹಿಡಿಯುವವರ ಹೆಸರು ಕೇಳಿದವು. ಎಲ್ಲಕ್ಕೂ ಒಂದೇ ದನಿ, ಒಂದೇ ಅಳತೆ. ಕೊನೆಗೆ ಅವನು ಸ್ವಲ್ಪ ನಿಂತ. ಗರಿಯನ್ನು ಮಸಿಗೆ ಅದ್ದಿ, ನನ್ನ ಕಡೆ ನೋಡಿ, ಖಾಲಿ ಜಾಗದಲ್ಲಿ ಬರೆದ. ಆಮೇಲೆ ಬರೆದದ್ದನ್ನು ಓದಿದ: "ಸ್ಕಾರ್ಮೀರ್‌ನ ಥಾಮಸಿನ್ ಥರ್ಕೆಲ್, ಆಕೆಯ ಗುರುತು."

ಗ್ರಿಜೆಲ್ ಅಜ್ಜಿಗೆ ಹೇಳು, ಕೇಳಿಸಿತು ಅಂತ. ಜೋರಾಗಿ ಹೇಳು.

ಮಸೂದೆ ಸಮಿತಿಗೆ ಹೋಯಿತು. ನಿಮ್ಮವರು ಬಂದು ಹೇಳುವುದನ್ನೆಲ್ಲ ಹೇಳುವವರೆಗೆ ಗುದ್ದಲಿ ಏಳುವಂತಿಲ್ಲ. ಗೆದ್ದಿದ್ದೇವೆ ಅಂತ ಹೇಳಲಾರೆ. ನಮ್ಮನ್ನು ಕೇಳುತ್ತಾರೆ ಅಂತ ಹೇಳಬಲ್ಲೆ.

ಕರಡಿಗಾಗಿ ನಾನು ಕಟಕಟೆಯಲ್ಲಿ ಮಂಡಿಯೂರಿದೆ. ಸ್ಪೀಕರ್ ಬಹಳ ಹೊತ್ತು ಬೈದರು. ಮೂರು ದಿನ ಬಂಧನ ಅಂದರು. ಏಳುವಾಗ ಮೊಣಕಾಲು ಏಳಲಿಲ್ಲ, ಸರ್ ಎವರಾರ್ಡೇ ಬಂದು ಕೈ ಕೊಟ್ಟ. "ಥರ್ಕೆಲ್, ಒಂದು ನಿಜ ಹೇಳಿ, ಕರಡಿ ನಿಜವಾಗ್ಲೂ ಇಲ್ವಾ?" ಅಂತ ಮೆಲ್ಲಗೆ ಕೇಳಿದ. ಪಾಪ, ಅವನೂ ಕಾದಿದ್ದ.

ನಿನ್ನ ತಂದೆ, ಸ್ಕಾರ್ಮೀರ್‌ನ
ಆಂಬ್ರೋಸ್ ಥರ್ಕೆಲ್

*

ಸ್ಕಾರ್ಮೀರ್,
೧೪ ಮಾರ್ಚ್

ಅಪ್ಪ,

ನಿಮ್ಮ ಕಾಗದವನ್ನು ಒಲೆಗೆ ಹಾಕಲಿಲ್ಲ. ದಿಬ್ಬದ ಮೇಲಿನ ಚರ್ಚಿನ ಅಂಗಳಕ್ಕೆ ಒಯ್ದೆ. ನಲವತ್ತಮೂರು ಮನೆಯವರೂ ದೋಣಿ ಕಟ್ಟಿ ಬಂದಿದ್ದರು. ಎಲ್ಲರಿಗೂ ಓದಿ ಹೇಳಿದೆ, ತಮಾಷೆಗಳನ್ನೂ ಬಿಡದೆ. ಗುಮಾಸ್ತ ಓದಿದ ಜಾಗ ಬಂದಾಗ, ನೀವು ಬರೆಯದ ಹೆಸರುಗಳನ್ನೂ ಸೇರಿಸಿ ಅಷ್ಟನ್ನೂ ಓದಿದೆ. ಯಾರ ಹೆಸರು ಬಂತೋ ಅವರು ಸುಮ್ಮನೆ ಎದ್ದುನಿಂತರು. ನಾನು ಹಾಗೆ ಹೇಳಿರಲಿಲ್ಲ. ಗ್ರಿಜೆಲ್ ಅಜ್ಜಿಗೆ ನನ್ನ ದನಿ ಕೇಳಿಸಲಿಲ್ಲ, ಪಕ್ಕದವರು ಎದ್ದದ್ದು ನೋಡಿ ತಾನೂ ಎದ್ದಳು. "ನನ್ನ ಹೆಸರಾ? ಅಲ್ಲಿ? ಯಾರ ಬಾಯಲ್ಲಿ?" ಅಂತ ಕೇಳಿದಳು. ಜೇಬೆಜ್ ಅವಳ ಕಿವಿಗೆ ಬಾಯಿಟ್ಟು, "ಕಾನೂನಿನ ಬಾಯಲ್ಲಿ ಅಜ್ಜೀ!" ಅಂತ ಕೂಗಿದರು. ಅವಳು ತಲೆಯ ಬಟ್ಟೆ ಸರಿಮಾಡಿಕೊಂಡು ನಿಂತೇ ಇದ್ದಳು, ಕೂರಿ ಅಂದರೂ ಕೂರಲಿಲ್ಲ.

ಕೊನೆಯ ಹೆಸರು ಬಂದಾಗ ಏಳಲು ಯಾರೂ ಉಳಿದಿರಲಿಲ್ಲ, ಎಲ್ಲರೂ ಆಗಲೇ ನಿಂತಿದ್ದರು. ಹಾಗಾಗಿ ಗಂಡಸರು ಟೋಪಿ ತೆಗೆದರು.

ಸಮಿತಿಗೆ ಹೇಳಲು ಜೇಬೆಜ್ ಮತ್ತು ಇನ್ನಿಬ್ಬರು ಸೋಮವಾರ ಹೊರಡುತ್ತಾರೆ. ಬೂಟು ಹೊಸದು ಕೊಂಡಿದ್ದಾರೆ. ಯಾರಾದರೂ ಕೇಳಿದರೆ ಬಿಚ್ಚಿ ತೋರಿಸುವುದಿಲ್ಲವಂತೆ.

ಈ ವರ್ಷದ ಮರಿಗಳು ಮೊಟ್ಟೆಯೊಡೆಯುವ ಕಾಲ ಹತ್ತಿರ ಬಂತು. ನಮ್ಮ ಮನೆಯ ಮರಿಗಳಲ್ಲಿ ಅರ್ಧಕ್ಕೆ ಪೆಲ್ ಮನೆಯ ಎರಡು ಕಚ್ಚು ಹಾಕುತ್ತೇನೆ. ಮಿಕ್ಕ ಅರ್ಧಕ್ಕೆ ಎಡಗಾಲಿಗೆ ಎರಡು ಸೀಳು. ಬಲಗಾಲಿನ ತೂತು ಎಷ್ಟು ದೊಡ್ಡದಿರಬೇಕು ಅಂತ ಇಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ಥಾಮಸಿನ್ ಅಜ್ಜಿಯ ಕೈ ನೋಡಿದವರು ನೀವೊಬ್ಬರೇ.

ಇನ್ನೊಂದು. ಜೌಗಿನ ಮಕ್ಕಳೆಲ್ಲ ನನ್ನ ಜೀವ ತಿನ್ನುತ್ತಿದ್ದಾರೆ, ಕರಡಿ ಕೊನೆಗೂ ಬಂತಾ ಇಲ್ಲವಾ ಅಂತ. ನಾನು ಏನು ಹೇಳಿದರೂ ನಂಬುತ್ತಿಲ್ಲ. ಇದಕ್ಕೆ ಉತ್ತರ ಬರೆಯಬೇಡಿ.

ಬಂದು ಹೇಳಿ.

ನಿಮ್ಮ ಮಗಳು,
ಡ್ಯಾಮರಿಸ್